ಹೊರಗಿನ ಚಿಲಕ

ದೂರು ಬಂದದ್ದು ಒಂದು ಇನ್‌ಲ್ಯಾಂಡ್ ಪತ್ರದಲ್ಲಿ.
ಸಹಿಯಿಲ್ಲ, ತಾರೀಖಿಲ್ಲ, ಒಂದೇ ಸಾಲು:
ಮದ್ಯಾನದ ಮೇಲೆ ನಮ್ಮನ್ನು ಕೂಡಿಹಾಕ್ತಾರೆ.
ದನ ಕುರಿಗೆ ಆಡುವ ಮಾತು.
ಕಚೇರಿಯೊಳಗೆ ಅದು
‘ಫಲಾನುಭವಿಗಳ ಸುರಕ್ಷತೆಯ ಕುರಿತು’ ಎಂದಾಗಿ
ಕೆಂಪು ದಾರ ಕಟ್ಟಿಸಿಕೊಂಡು ನನ್ನ ಮೇಜಿಗೆ ಬಂತು.

ಅರಸೀಕೆರೆ. ರೈಲು ಗೇಟಿನಾಚೆ, ಕೊಬ್ಬರಿ ಮಂಡಿಯ ಹಿಂದೆ
ಹಗಲು ಆರೈಕೆ ಕೇಂದ್ರ.
ಬೆಳಿಗ್ಗೆ ಒಂಬತ್ತಕ್ಕೆ ವ್ಯಾನಿನಲ್ಲಿ ತಂದು ಇಳಿಸುತ್ತಾರೆ,
ಸಂಜೆ ಐದಕ್ಕೆ ಹತ್ತಿಸುತ್ತಾರೆ.
ಇಪ್ಪತ್ತಾರು ಜನ, ಇಪ್ಪತ್ತಾರು ಸ್ಟೀಲ್ ಲೋಟ,
ಪ್ರತಿಯೊಂದರ ಮೇಲೂ ಹೆಸರು ಕೊರೆಸಿದೆ;
ಯಾರೂ ತಮ್ಮ ಲೋಟದಲ್ಲಿ ಕುಡಿಯುವುದಿಲ್ಲ.

ರಿಜಿಸ್ಟರು ಚೆಂದವಿತ್ತು.
ಚೆಂದದ ರಿಜಿಸ್ಟರಿಗೆ ನಾನು ಹೆದರುತ್ತೇನೆ.
ತಿಂಗಳಿಡೀ ಬಿ.ಪಿ. ಒಂದೇ ಪೆನ್ನಲ್ಲಿ, ಒಂದೇ ಓರೆಯಲ್ಲಿ,
ರಜೆಯ ಭಾನುವಾರವೂ ಬಿಡದೆ.
ಹಾಜರಿಯಲ್ಲಿ ಆಯಾಗಳು ಮೂವರು;
ಕಣ್ಣಿಗೆ ಬಿದ್ದದ್ದು ಒಬ್ಬಳು.
ಅಪಘಾತದ ಕಾಲಮ್ಮಿನಲ್ಲಿ ಒಂದೇ ನಮೂದು:
ಜೈಬುನ್ನೀಸಾ, ಎಪ್ಪತ್ತೊಂದು, ಬಚ್ಚಲಲ್ಲಿ ಜಾರಿದರು,
ಬೆಳಿಗ್ಗೆ ಹನ್ನೊಂದು ಇಪ್ಪತ್ತು, ತಕ್ಷಣ ಎತ್ತಲಾಯಿತು.

ತಕ್ಷಣ.
ಆ ಪದದ ಕೆಳಗೆ ಬಿಳಿ ಬಣ್ಣ ಒಣಗಿತ್ತು.
ಉಗುರಲ್ಲಿ ಕೆರೆದರೆ ಬರುತ್ತಿತ್ತು. ಕೆರೆಯಲಿಲ್ಲ.

ಜೈಬುನ್ನೀಸಾ ಕೈಯ ಪಟ್ಟಿ ಸವರುತ್ತ
‘ಬಿದ್ದದ್ದು ನಾನಲ್ಲ ಮಗಳೇ, ನಮ್ಮಕ್ಕ’ ಅಂದರು.
ಆ ಅಕ್ಕ ತೀರಿ ಇಪ್ಪತ್ತು ವರ್ಷ, ಎಂದರು ಮೇಲ್ವಿಚಾರಕರು, ನಗುತ್ತ.
ಸಾಕ್ಷಿ ಮುಗಿಯಿತೆಂಬಂತೆ ಟೀ ತರಿಸಿದರು.

ಆಗ ಕಿಟಕಿ ಪಕ್ಕದ ಕುರ್ಚಿ ಸದ್ದು ಮಾಡಿತು.
ಮರುಳಸಿದ್ದಪ್ಪ, ಮೂವತ್ತೆರಡು ವರ್ಷ ಪಾಯಿಂಟ್ಸ್‌ಮನ್.
ಲಕ್ವ ಹೊಡೆದು ಮಾತು ಹೋಗಿದೆ, ಬಲಗೈಯೂ.
ಎಡಗೈ ಎತ್ತಿ ಅಡ್ಡಡ್ಡ ಬೀಸಿದರು:
ಹನ್ನೊಂದಲ್ಲ.
ಗೋಡೆಯ ಗಡಿಯಾರ ತೋರಿಸಿದೆ, ನೋಡಲೇ ಇಲ್ಲ.
ಅವರ ಗಡಿಯಾರ ಹಳಿಯ ಮೇಲಿತ್ತು.

ಕಾದೆವು. ಟೀ ಕೆನೆಗಟ್ಟಿತು.
ಒಂದೂ ಮುಕ್ಕಾಲಿಗೆ ಖಾಲಿ ಗೂಡ್ಸ್ ಗಾಡಿ ಬಂತು,
ತಟ್ಟೆಯಲ್ಲಿ ಲೋಟಗಳೆಲ್ಲ ಗಲಗಲ.
ಕೈ ಕೆಳಗಿಳಿಯಿತು: ಬಿದ್ದದ್ದು ಆಗ.
ಮತ್ತೆ ಕಾದೆವು. ಪ್ಯಾಸೆಂಜರ್ ಹಾದಾಗ
ಅದೇ ಕೈ ಮೇಲೆದ್ದಿತು: ಎತ್ತಿದ್ದು ಆಗ.
ನಡುವೆ ಐವತ್ತೆರಡು ನಿಮಿಷ.
ಬರೆದುಕೊಂಡೆ. ನನ್ನ ಅಕ್ಷರ ಚೆಂದವಿರಲಿಲ್ಲ.

ಬಾಗಿಲ ಹೊರಮೈಗೆ ಒಂದು ಚಿಲಕ,
ಬಾಗಿಲ ಬಣ್ಣಕ್ಕಿಂತ ಕಿರಿಯದು.
ಹಾಕೋದು ನಾನೇ, ಅಂದಳು ಆಯಾ ತೇಜಾವತಿ,
ಯಾರೂ ಕೇಳುವ ಮುಂಚೆ.
‘ಶಿವರಾತ್ರಿ ಹಿಂದೆಮುಂದೆ ಒಬ್ರು ಎದ್ದು ಹೋದ್ರು ಮೇಡಂ,
ಹಳಿಗೆ. ಚಪ್ಪಲಿ ಮಾತ್ರ ಈ ಕಡೆ ಇತ್ತು.
ಅವ್ರು ಸಿಕ್ಕಿದ್ದು ನನ್ನ ಮಕ್ಕಳ ಪುಣ್ಯ.
ಪಾತ್ರೆ ತೊಳೆಯೋ ಕೊಳಾಯಿ ಹಿತ್ತಲಲ್ಲಿ,
ನಾನೊಬ್ಬಳು.
ಚಿಲಕ ಹಾಕಿದ್ರೆ ಒಬ್ರು ಬೀಳ್ತಾರೆ, ತೆಗೆದ್ರೆ ಒಬ್ರು ಹೋಗ್ತಾರೆ.
ಯಾವ್ದು ತಪ್ಪು, ನೀವೇ ಬರ್ಕೊಳ್ಳಿ.’

ಅವಳ ಬೆನ್ನ ಹಿಂದೆ ಕರಿಹಲಗೆ. ಸೀಮೆಸುಣ್ಣದಲ್ಲಿ
ಮದ್ಯಾನದ ಊಟ: ಅನ್ನ, ಹುರುಳಿಕಾಳು ಸಾರು.
ಧಕಾರದ ಹೊಟ್ಟೆ ಸೀಳಿರಲಿಲ್ಲ.
ನೋಡಿದೆ. ಅವಳೂ ನೋಡಿದಳು, ನಾನು ನೋಡಿದ್ದನ್ನು.
ಪತ್ರದ ಸಾಲು ನೆನಪಾಯಿತು:
ನಮ್ಮನ್ನು, ಎಂದಿತ್ತು. ಇವರನ್ನು ಎಂದಿರಲಿಲ್ಲ.
ಇದು ವರದಿಯಲ್ಲಿ ಇಲ್ಲ.

ತಪಾಸಣಾ ಪುಸ್ತಕ ತರಿಸಿ ಪುಟ ಹಿಂದಕ್ಕೆ ಮಗುಚಿದೆ.
ಯುಗಾದಿಯ ಮರುವಾರ, ಹಸಿರು ಶಾಯಿ:
ಪರಿಶೀಲಿಸಲಾಗಿದೆ, ತೃಪ್ತಿಕರ.
ಸಹಿ ನನ್ನದೇ.
ಆ ದಿನ ಎಳನೀರು ಕುಡಿದದ್ದು ನೆನಪಿದೆ, ಒಳ್ಳೆ ಗಂಜಿಯ ಕಾಯಿ.
ಬಚ್ಚಲವರೆಗೆ ನಡೆದದ್ದು ನೆನಪಿಲ್ಲ.

ಚಿಲಕ ಬಿಚ್ಚಿಸಿದೆ.
ತಿರುಪು ನಾಲ್ಕು, ಒಂದು ತುಕ್ಕು ಹಿಡಿದು ಬರಲೊಲ್ಲದು.
ಪಂಚನಾಮೆ, ಮೊಹರು, ಲಕೋಟೆ.
ನಾಳೆ ಈ ಹೊತ್ತಿಗೆ ಬಾಗಿಲಲ್ಲಿ ಯಾರು ಕೂತ್ಕೋತಾರೆ,
ಎಂದು ತೇಜಾವತಿ ಕೇಳಿದಳು.
ಆದೇಶ ಬರುತ್ತದೆ, ಎಂದೆ.

ಗೇಟು ಬಿದ್ದಿತ್ತು. ಜೀಪು ನಿಂತಿತು.
ಗಾಡಿ ಪೂರ್ತಿ ಹೋಗುವವರೆಗೂ
ಬ್ಯಾಗಿನೊಳಗೆ ಅದು
ಅದುರುತ್ತಲೇ ಇತ್ತು.